ಬಣ್ಣಕ್ಕೆ ಮೊದಲಿನ ಕೆಲಸ

ಬಣ್ಣದ ವಿಷಯದಲ್ಲಿ ಕನ್ನಡ ನುಡಿಗೆ ಅಷ್ಟಾಗಿ ವಿಶ್ವಾಸವಿದ್ದಂತೆ ತೋರುವುದಿಲ್ಲ. ನಯವಾಗಿ ಸುಳ್ಳಾಡುವವನ ಮಾತು ಬಣ್ಣದ ಮಾತು. ವಂಚಕನು ಸಿಕ್ಕಿಬಿದ್ದಾಗ ಅವನ ಬಣ್ಣ ಬಯಲಾಯಿತೆನ್ನುವುದು ವಾಡಿಕೆ. ಇದ್ದುದನ್ನು ಇದ್ದಂತೆ ಹೇಳದವನು ಬಣ್ಣ ಕಟ್ಟಿ ಹೇಳಿದನೆನಿಸಿಕೊಳ್ಳುತ್ತಾನೆ. ಆದರೆ ಇದೇ ನುಡಿಯನ್ನಾಡುವ ಜನರು ಕಿಟಕಿಯ ಸರಳಿಗೆ, ಬಾವಿಯ ರಾಟೆಗೆ, ಅಂಗಳದ ಗೇಟಿಗೆ ಒಂದೆರಡು ವರ್ಷಕ್ಕೊಮ್ಮೆ ತಪ್ಪದೆ ಬಣ್ಣ ಬಳಿಯುತ್ತಾರೆ. ಬಳಿಯದಿದ್ದರೆ ಕಬ್ಬಿಣವು ಉಳಿಯಲಾರದೆಂಬುದನ್ನು ಅವರು ಬಲ್ಲರು. ಹೀಗೆ ಒಂದೇ ವಸ್ತುವು ಒಂದು ಕಡೆ ಕಾಪಾಡುತ್ತದೆ, ಮತ್ತೊಂದು ಕಡೆ ಮರೆಮಾಚುತ್ತದೆ. ಹೊರಗೆ ನಿಂತು ನೋಡುವವನಿಗೆ ಎರಡೂ ಒಂದೇ ಹೊಳಪು. ಯಾವುದು ಕಾಪು, ಯಾವುದು ಕಪಟ ಎಂಬುದು ಬಣ್ಣ ಬೀಳುವುದಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ.

ಈ ವಿಚಾರವು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಹಳೆಯ ಮೋಟಾರು ಕಾರನ್ನು ಇಟ್ಟುಕೊಂಡಿರುವ ಗೃಹಸ್ಥರಿಗೆ ತರ್ಕವಾಗಿ ಅಲ್ಲದೆ, ತುಕ್ಕಾಗಿ ಎದುರಾಗುತ್ತದೆ. ಘಟ್ಟದ ಮೇಲಿನ ಈ ಸೀಮೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮೃಗಶಿರೆಯಿಂದ ಹಿಡಿದು ಹುಬ್ಬೆಯವರೆಗೆ ಕಬ್ಬಿಣಕ್ಕೆ ಒಣಗಲು ಬಿಡುವೇ ಇಲ್ಲ. ಡಾಂಬರು ರಸ್ತೆಯಿಂದ ತೋಟದ ಮನೆಯವರೆಗೆ ಒಂದೆರಡು ಮೈಲಿ ಕೆಮ್ಮಣ್ಣಿನ ದಾರಿ. ಆ ಕೆಸರು ಮಡ್‌ಗಾರ್ಡಿನ ಒಳಮಗ್ಗುಲಿಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಡಿಕೆಯ ಕೊಳೆರೋಗದ ಮದ್ದಿಗೆಂದು ತಂದ ಮೈಲುತುತ್ತದ ಚೀಲವೊಂದು ಡಿಕ್ಕಿಯಲ್ಲಿ ಒಡೆದರಂತೂ ಮುಗಿಯಿತು. ತೇವ ತಾಗಿದ ಮೈಲುತುತ್ತವು ಕಬ್ಬಿಣವನ್ನು ತಿನ್ನುವ ವೇಗಕ್ಕೆ ಬರಿಯ ಮಳೆನೀರು ಸಾಟಿಯಲ್ಲ. ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಹತ್ತಿಳಿಯುತ್ತ ಹತ್ತಾರು ಮಳೆಗಾಲ ಕಳೆದ ಗಾಡಿಯ ಯಂತ್ರವು ಇನ್ನೂ ಗಟ್ಟಿಯಾಗಿಯೇ ಇರಬಹುದು. ಮೈ ಮಾತ್ರ ಅಂಚಿನಿಂದ ಒಳಕ್ಕೆ ಸವೆಯುತ್ತ ಬಂದಿರುತ್ತದೆ.

ಕಾರು ಕೊಂಡು 15 ವರ್ಷ ತುಂಬಿದಾಗ ಅದರ ನೋಂದಣಿಯನ್ನು ನವೀಕರಿಸಬೇಕು. ಆಮೇಲೆ ಐದೈದು ವರ್ಷಕ್ಕೊಮ್ಮೆ. ಗಾಡಿಯನ್ನು ಶಿರಸಿಯ ಕೆಎ 31ರ ಸಾರಿಗೆ ಕಚೇರಿಗೆ ಒಯ್ಯುವ ಕಾಲ ಹತ್ತಿರವಾದಂತೆ ಮನೆಯಲ್ಲಿ ಬಣ್ಣದ ಮಾತು ಏಳುತ್ತದೆ. ಗ್ಯಾರೇಜಿನಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ಎರಡು ದರಗಳು ದೊರೆಯುತ್ತವೆ. ಪೂರ್ತಿ ಕೆಲಸಕ್ಕೆ ಒಂದು. ಮೇಲಿಂದ ಮೇಲೆ ಒಂದು ಕೋಟು ಹೊಡೆದು ಕೊಡುವುದಕ್ಕೆ ಇನ್ನೊಂದು. ಎರಡನೆಯದು ಬಹಳ ಸೋವಿ. ಬಣ್ಣದ ಡಬ್ಬಿಯ ಬೆಲೆಯಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಹಾಗಾದರೆ ಸೋವಿಯಾದುದು ಏನು? ದಿನಗಳು. ಉಜ್ಜುವ ದಿನ, ತುಕ್ಕು ಕೆರೆಯುವ ದಿನ, ಪುಟ್ಟಿ ಒಣಗುವುದನ್ನು ಕಾಯುವ ದಿನ. ಬಣ್ಣದ ಕೆಲಸದಲ್ಲಿ ಬಣ್ಣ ಹೊಡೆಯುವುದಕ್ಕೆ ಹಿಡಿಯುವುದು ಕೆಲವು ಗಂಟೆ, ಉಳಿದುದೆಲ್ಲ ಸಿದ್ಧತೆ. ಅಗ್ಗದ ಕೂಲಿಗೆ ಒಪ್ಪಿದವನು ಬಿಡುವುದು ಈ ಸಿದ್ಧತೆಯನ್ನೇ. ಅದನ್ನು ಅವನ ಅಪ್ರಾಮಾಣಿಕತೆ ಎನ್ನುವುದು ನ್ಯಾಯವಲ್ಲ. ಕೊಟ್ಟ ಹಣಕ್ಕೆ ಅಷ್ಟೇ ದಿನ ಸಿಕ್ಕುವುದು.

ಆದುದರಿಂದ ಕೆಲವರು ಮೂರನೆಯ ದಾರಿಯನ್ನು ಹಿಡಿಯುತ್ತಾರೆ. ಸಿದ್ಧತೆಯನ್ನು ಮನೆಯಂಗಳದಲ್ಲಿ ತಾವೇ ಮಾಡಿಕೊಂಡು, ಬಣ್ಣ ಹೊಡೆಯುವುದಕ್ಕೆ ಮಾತ್ರ ಗಾಡಿಯನ್ನು ಪೇಂಟರನಲ್ಲಿಗೆ ಒಯ್ಯುತ್ತಾರೆ. ಇದು ಮೇಲುನೋಟಕ್ಕೆ ಕೇವಲ ಮಿತವ್ಯಯದ ಉಪಾಯ. ಆದರೆ ಇದರಿಂದ ಒಂದು ಧರ್ಮಸಂಕಟವು ಹುಟ್ಟುತ್ತದೆಂಬುದನ್ನು ಹಿಡಿದವರು ಮೊದಲು ಊಹಿಸಿರಲಾರರು.

ಆ ಕೆಲಸವು ಎಂತಹುದೆಂದು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಏಕೆಂದರೆ ಸಂಕಟದ ಬೀಜವು ಕೈಕೆಲಸದಲ್ಲಿಯೇ ಅಡಗಿದೆ. ಮೊದಲು ತೊಳೆಯಬೇಕು, ಬರಿಯ ಕೊಳೆ ಹೋಗುವಂತಲ್ಲ, ಜಿಡ್ಡು ಹೋಗುವಂತೆ. ವರ್ಷಗಟ್ಟಲೆ ಹಚ್ಚಿದ ಪಾಲಿಷಿನ ಮೇಣವು ಕಣ್ಣಿಗೆ ಕಾಣದೆ ಉಳಿದಿದ್ದರೆ ಹೊಸ ಬಣ್ಣವು ಅಲ್ಲಿ ಕೂಡಿಕೊಳ್ಳದೆ ಸಣ್ಣ ಸಣ್ಣ ಗುಳಿಗಳಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ದೀಪ, ಬಂಪರು, ಬಾಗಿಲ ಹಿಡಿಕೆಗಳನ್ನು ಕಳಚುವುದು. ಕಳಚದೆ ಸುತ್ತಲೂ ಕಾಗದ ಅಂಟಿಸಿದರೂ ಬಣ್ಣ ಹೊಡೆಯಬಹುದು. ಆದರೆ ತುಕ್ಕು ಹುಟ್ಟುವುದು ಆ ಹಿಡಿಕೆಯ ಅಡಿಯಲ್ಲಿಯೇ. ತುಕ್ಕು ಇದ್ದೆಡೆ ಹೊಳೆಯುವ ಲೋಹ ಕಾಣುವವರೆಗೆ ಕೆರೆಯಬೇಕು. ಕೆರೆದ ಲೋಹವನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಿ ನಿದ್ದೆ ಮಾಡುವಂತಿಲ್ಲ. ಈ ಸೀಮೆಯ ಗಾಳಿಯ ತೇವಕ್ಕೆ ಬತ್ತಲೆ ಉಕ್ಕು ಬೇಗನೆ ಮತ್ತೆ ಕೆಂಪಾಗತೊಡಗುತ್ತದೆ. ಆ ದಿನವೇ ಪ್ರೈಮರ್ ಬೀಳಬೇಕು.

ತಗ್ಗು ಬಿದ್ದಲ್ಲಿ ತಟ್ಟಿ ಎಬ್ಬಿಸಿ, ಉಳಿದ ಕೊರತೆಗೆ ಮಾತ್ರ ಪುಟ್ಟಿ ಹಚ್ಚುವುದು, ಅದೂ ತೆಳುವಾಗಿ. ದಪ್ಪ ಪುಟ್ಟಿಯು ನೋಡಲು ಸಮವಾಗಿರುತ್ತದೆ, ಕಾಲಾಂತರದಲ್ಲಿ ಬಿರಿಯುತ್ತದೆ. ಉಜ್ಜುವಾಗ ಕಾಗದವನ್ನು ಬೆರಳಿನಿಂದ ಒತ್ತಬಾರದು. ಬೆರಳು ಬೆರಳಿನಗಲದ ಗೀಟುಗಳನ್ನು ಮೂಡಿಸುತ್ತದೆ. ಚಪ್ಪಟೆ ಮರದ ತುಂಡಿಗೆ ಸುತ್ತಿಕೊಂಡು, ಮೊದಲು 80ರ ಒರಟು ಕಾಗದ, ಆಮೇಲೆ 220, ಕೊನೆಗೆ 400ರ ನೀರುಕಾಗದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಯಕ್ಕೆ ಬರಬೇಕು. ಒಂದು ಮೆಟ್ಟಿಲನ್ನು ದಾಟಿಬಿಟ್ಟರೆ ಒರಟು ಕಾಗದದ ಗೀರುಗಳು ನಯದ ಕೆಳಗೆ ಉಳಿದು, ಬಣ್ಣ ಒಣಗಿದ ಮೇಲೆ ಎದ್ದು ಕಾಣುತ್ತವೆ. ನೀರು ಬಳಸಿ ಉಜ್ಜಿದರೆ ಧೂಳು ಏಳದು. ಆದರೆ ಪುಟ್ಟಿಯೂ ಪ್ರೈಮರೂ ನೀರನ್ನು ಕುಡಿಯುವ ಪದಾರ್ಥಗಳಾದ್ದರಿಂದ ಚೆನ್ನಾಗಿ ಒಣಗಿಸದೆ ಬಣ್ಣ ಹೊಡೆದರೆ ಒಳಗಿನ ತೇವವು ಗುಳ್ಳೆಗಳಾಗಿ ಹೊರಬರುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದೆನ್ನುವುದು ಇದಕ್ಕಾಗಿಯೇ. ಗಾಳಿಯಲ್ಲಿ ನೀರು ತುಂಬಿದ ದಿನ ಹೊಡೆದ ಲ್ಯಾಕರು ಬಿಳುಚಿ ಮಂಕಾಗುವುದೂ ಉಂಟು. ದೀಪಾವಳಿ ಕಳೆದು ಯುಗಾದಿಯೊಳಗೆ ಮುಗಿಸುವುದು ಒಳ್ಳೆಯದು.

ಇಷ್ಟಾದ ಮೇಲೂ ಮೈ ಸಮವಾಯಿತೇ ಇಲ್ಲವೇ ಎಂಬುದನ್ನು ಕಣ್ಣು ಹೇಳಲಾರದು. ಪಳಗಿದ ಪೇಂಟರನು ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಚಪ್ಪಟೆಯಾಗಿ ಸವರುತ್ತಾನೆ. ಇನ್ನೊಂದು ಉಪಾಯವೂ ಉಂಟು. ಪ್ರೈಮರಿನ ಮೇಲೆ ಬೇರೆ ಬಣ್ಣದ ತೆಳು ಮಬ್ಬನ್ನು ಸಿಂಪಡಿಸಿ, ಅದನ್ನು ಮರದ ತುಂಡಿನಿಂದ ಉಜ್ಜಿ ತೆಗೆಯುವುದು. ಎಲ್ಲಿ ತಗ್ಗಿದೆಯೋ ಅಲ್ಲಿ ಮಬ್ಬು ಉಳಿದು, ದೋಷವನ್ನು ತಾನಾಗಿ ತೋರಿಸಿಕೊಡುತ್ತದೆ. ಮರೆಮಾಚುವುದಕ್ಕೆಂದು ನಿಂದೆಗೆ ಗುರಿಯಾದ ಬಣ್ಣವು ಇಲ್ಲಿ ಬಯಲುಮಾಡುವ ಕೆಲಸಕ್ಕೆ ನಿಂತಿರುವುದು ವಿನೋದದ ಸಂಗತಿ. ಅಡಿಕೆ ಬೆಳೆಗಾರರಿಗೆ ಇಂತಹ ಪರೀಕ್ಷೆ ಹೊಸದಲ್ಲ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಅವರು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಇನ್ನೂ ಬೇಕು. ನೀಲಿಯ ಸೊಗಸನ್ನು ನೋಡಿ ಯಾರೂ ತೃಪ್ತರಾಗುವುದಿಲ್ಲ.

ಇದೇ ಸೀಮೆಯಲ್ಲಿ ತಳದ ಪದರಕ್ಕೆ ಬೇರೊಂದು ಮರ್ಯಾದೆ ದೊರೆತ ಕಲೆಯೊಂದಿದೆ. ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಗಳಲ್ಲಿ ಕಾಣುವ ಕಾವಿ ಚಿತ್ರಗಳಲ್ಲಿ ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಪು ಪದರವನ್ನು ಬಳಿದು, ಅದು ಹಸಿಯಿರುವಾಗಲೇ ಲೋಹದ ಮೊನೆಯಿಂದ ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಹೊರಬಿದ್ದ ತಳದ ಬಿಳುಪೂ ಉಳಿದ ಕೆಂಪೂ ಕೂಡಿ ಚಿತ್ರವಾಗುತ್ತದೆ. ಗಾರೆಯು ಕೆಟ್ಟದಾಗಿದ್ದರೆ ಅಲ್ಲಿ ಅಡಗಿಸುವ ದಾರಿಯೇ ಇಲ್ಲ. ಮೋಟಾರಿನ ಬಣ್ಣದಲ್ಲಾದರೋ ತಳವು ಎಂದೆಂದಿಗೂ ಮುಚ್ಚಿಹೋಗುತ್ತದೆ. ಉಜ್ಜಿದವನ ಹತ್ತು ದಿನಗಳನ್ನು ಬಣ್ಣದ ಗನ್ನು ಅರ್ಧ ದಿನದಲ್ಲಿ ನುಂಗಿಬಿಡುತ್ತದೆ. ಆಮೇಲೆ ಅವುಗಳಿಗೆ ಸಾಕ್ಷಿಯೆಂದರೆ ಉಜ್ಜಿದವನು ಒಬ್ಬನೇ.

ಇನ್ನು ಸಂಕಟದ ಮಾತು. ಒಬ್ಬ ಗೃಹಸ್ಥನು ತನ್ನ ಗಾಡಿಯನ್ನು ಹೀಗೆ ಉಜ್ಜುತ್ತಿರುವಾಗ ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಜಾಕು ಕೊಡುವ ಜಾಗದ ಹತ್ತಿರ, ತುಕ್ಕನ್ನು ಕೆರೆಯುತ್ತ ಕೆರೆಯುತ್ತ ಉಳಿಯು ಒಳಕ್ಕೆ ಹೋಯಿತೆಂದು ಭಾವಿಸಬಹುದು. ಅಲ್ಲಿ ಲೋಹವೇ ಇಲ್ಲ. ಅದು ಗಾಡಿಯ ಭಾರವನ್ನು ಹೊರುವ ಭಾಗ. ಹೊಸ ತಗಡನ್ನು ಕತ್ತರಿಸಿ ಬೆಸುಗೆ ಹಾಕಿಸಬೇಕಾದರೆ ಉಳಿಸಬೇಕೆಂದಿದ್ದ ಹಣವೆಲ್ಲ ಅದಕ್ಕೇ ಹೋದೀತು. ಪುಟ್ಟಿಯಾದರೋ ಕೈಯಲ್ಲಿಯೇ ಇದೆ. ತೂತಿನ ಹಿಂದೆ ಒಂದು ತುಂಡು ಜಾಲರಿಯನ್ನಿಟ್ಟು ಪುಟ್ಟಿ ಮೆತ್ತಿ ಉಜ್ಜಿದರೆ ಯಾರಿಗೂ ತಿಳಿಯದು. ಈ ಗಾಡಿಯನ್ನು ಮುಂದಿನ ವರ್ಷ ಮಾರುವ ವಿಚಾರವೂ ಅವನಿಗಿದೆ.

ಅವನು ಕೆಲಸವನ್ನು ಗ್ಯಾರೇಜಿಗೇ ವಹಿಸಿದ್ದರೆ ಈ ತೂತನ್ನು ಅವನು ಕಾಣುತ್ತಲೇ ಇರಲಿಲ್ಲ. ಒಬ್ಬರಿಗೆ ಹಣ ಕೊಟ್ಟು ಕೆಲಸ ಮಾಡಿಸುವಾಗ ಕೊಳ್ಳುವುದು ದುಡಿಮೆಯನ್ನು ಮಾತ್ರ ಎಂದು ತೋರುತ್ತದೆ. ಅದರೊಡನೆ ಒಂದಿಷ್ಟು ಅಜ್ಞಾನವನ್ನೂ ಕೊಂಡಂತಾಗುತ್ತದೆ. ಆ ಅಜ್ಞಾನಕ್ಕೆ ಲೋಕವ್ಯವಹಾರದಲ್ಲಿ ಬೆಲೆಯುಂಟು. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯನ್ನು ವಿವರಿಸುವಾಗ, ಸಂಗತಿಯನ್ನು ಬಲ್ಲವನು ಅಥವಾ ನಂಬಿದವನು ಅದನ್ನು ಬೇಕೆಂದು ಮರೆಮಾಚುವುದನ್ನು ಅದರಲ್ಲಿ ಸೇರಿಸುತ್ತದೆ. ಬಲ್ಲವನು ಎಂಬುದೇ ಅಲ್ಲಿಯ ಕೀಲಿ. ಅರಿಯದವನು ಈ ಮಾತಿನಿಂದ ಪಾರಾದನು; ಕೈಯಾರೆ ಕೆರೆದವನು ಸಿಕ್ಕಿಬಿದ್ದನು. ಶ್ರಮಪಟ್ಟವನಿಗೆ ಹೊಣೆ, ಸುಮ್ಮನೆ ಕುಳಿತವನಿಗೆ ಬಿಡುಗಡೆ, ಇದು ನ್ಯಾಯವೆ?

ಅದೇ ಕಲಮಿಗೆ ಕೊಟ್ಟಿರುವ ಉದಾಹರಣೆಗಳು ಇನ್ನೂ ಸ್ವಾರಸ್ಯವಾಗಿವೆ. ಒಬ್ಬನು ತನ್ನ ಕುದುರೆಗೆ ಊನವಿದೆಯೆಂದು ಬಲ್ಲವನಾಗಿದ್ದು, ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ, ಆ ಸಂಬಂಧದ ಕಾರಣದಿಂದ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು, ನೀನು ಇಲ್ಲವೆನ್ನದಿದ್ದರೆ ಕುದುರೆ ನೆಟ್ಟಗಿದೆಯೆಂದು ತಿಳಿಯುತ್ತೇನೆ ಎಂದಾಗ ಮಾರುವವನು ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮಾನ. ಕುದುರೆಯ ಊನವು ಕುದುರೆಯದು. ಮಾರುವವನು ಅದಕ್ಕೆ ಏನನ್ನೂ ಹಚ್ಚಲಿಲ್ಲ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಸುಮ್ಮನಿರುವುದು ಇಂತಹ ಮೌನವೆನಿಸದು. ಇಲ್ಲಿ ಲೋಹವಿದೆ ಎಂದು ಆ ಹೊಳಪು ಹೇಳುತ್ತಿದೆ, ಹೇಳುವಂತೆ ಅದನ್ನು ಉಜ್ಜಿದವನು ಇವನೇ. ಕೊಳ್ಳುವವನು ಅಯಸ್ಕಾಂತವನ್ನು ತಂದು ಮೈಗೆ ಹಿಡಿದು ನೋಡಬಹುದು, ಪುಟ್ಟಿಯ ಮೇಲೆ ಅದು ಕಚ್ಚುವುದಿಲ್ಲ ಎಂದು ವಾದಿಸುವವರುಂಟು. ನಿಜ, ಅನುಭವಿಗಳು ತರುತ್ತಾರೆ. ತಾರದವನೇ ಹೆಚ್ಚಾಗಿ ಮೊದಲ ಸಲ ಕಾರು ಕೊಳ್ಳುವವನು.

ಹಾಗಾದರೆ ಅರಿಯದಿರುವುದೇ ಕ್ಷೇಮವಲ್ಲವೆ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಭಾರತದ ಅರಗಿನ ಮನೆಯ ಕಥೆಯನ್ನು ನೆನೆಯುವುದು ಉಚಿತ. (ಲ್ಯಾಕರ್ ಎಂಬ ಮಾತೇ ನಮ್ಮ ಲಾಕ್ಷೆಯಿಂದ, ಅರಗಿನಿಂದ, ಹೊರಟದ್ದೆಂಬುದು ಈ ಸ್ಮರಣೆಗೆ ಇನ್ನಷ್ಟು ಒಪ್ಪುತ್ತದೆ.) ವಾರಣಾವತದ ಆ ಮನೆಯ ಗೋಡೆಯಲ್ಲಿ ಏನಿತ್ತೆಂದು ಕಟ್ಟಿಸಿದ ಪುರೋಚನನಿಗೆ ಗೊತ್ತಿತ್ತು. ಧರ್ಮರಾಯನಿಗೆ ತುಪ್ಪ, ಅರಗುಗಳ ವಾಸನೆಯಿಂದಲೇ ತಿಳಿಯಿತು. ಮಗನ ಮಾತಿಗೆ ಒಪ್ಪಿ ಪಾಂಡವರನ್ನು ಅಲ್ಲಿಗೆ ಕಳುಹಿದ ಧೃತರಾಷ್ಟ್ರನು ಆ ಮನೆಯ ವಿಚಾರವನ್ನು ಕೇಳಿ ತಿಳಿದುಕೊಂಡನೆಂದು ಕಥೆಯಲ್ಲಿಲ್ಲ. ಆದರೂ ಓದುಗರಾರೂ ಆ ಮುದುಕನನ್ನು ನಿರ್ದೋಷಿಯೆಂದು ಬಿಟ್ಟುಕೊಟ್ಟಿಲ್ಲ. ತಿಳಿಯುವುದು ಸಾಧ್ಯವಿದ್ದಾಗ, ತಿಳಿದರೆ ಕಷ್ಟವೆಂದು ಕಂಡು, ಮುಖ ತಿರುಗಿಸಿದವನ ಅರಿಯದಿರುವಿಕೆಯು ಕಾಯಿದೆಯೆದುರು ನಿಲ್ಲಬಹುದು, ಮನಸ್ಸಿನೆದುರು ನಿಲ್ಲುವುದು ಕಷ್ಟ. ಸೋವಿಯ ದರಕ್ಕೆ ಒಂದು ಕೋಟು ಹೊಡೆಸಿದವನಿಗೆ, ಸಿದ್ಧತೆ ನಡೆದಿಲ್ಲವೆಂಬುದಾದರೂ ತಿಳಿದಿರಲೇಬೇಕು. ಆ ದರವೇ ಅದನ್ನು ಹೇಳಿತ್ತು.

ಮಾರುವ ಮಾತಿಲ್ಲದೆ ತನಗಾಗಿಯೇ ಇಟ್ಟುಕೊಳ್ಳುವವನಿಗೆ ಈ ತೊಡಕಿಲ್ಲವೆನ್ನಬಹುದೆ? ಕೊಳ್ಳುವವನ ತೊಡಕಿಲ್ಲ, ಕೆಲಸದವನದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಾಡಿಗಳಿಗೆ ವಾರ್ನಿಷು ಹಚ್ಚಿ ಒಣಗಲು ವಾರಗಟ್ಟಲೆ ಕಾಯುತ್ತಿದ್ದರು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಲ್ಯಾಕರು ಕಾರುಗಳ ಮೇಲೆ ಬಂದಿತು. ಈ ಹೆಸರು ಭಾರತದ ಗ್ಯಾರೇಜುಗಳಲ್ಲಿ ಬಣ್ಣಕ್ಕೇ ಪರ್ಯಾಯವಾಗಿ ನಿಂತುಬಿಟ್ಟಿದೆ. ಹೀಗೆ ಬಣ್ಣಕ್ಕೆ ಬೇಕಾದ ಕಾಲವೇನೋ ಕಿರಿದಾಯಿತು. ಉಜ್ಜುವವನ ಶ್ವಾಸಕೋಶವು ಮೊದಲಿನದೇ. ಸೀಸ ಬೆರೆತ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಆ ಹುಡಿಯನ್ನು ನುಂಗುತ್ತಿದ್ದ ಪೇಂಟರರ ಪಾಲಿಗೆ 1921ರಲ್ಲಿ ಅಮೆರಿಕದಲ್ಲಿಯೇ ಹೊರಬಂದ ನೀರುಕಾಗದವು ದೊಡ್ಡ ಉಪಕಾರವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಬಣ್ಣದಲ್ಲಿ ಬಿಳಿ ಸೀಸದ ಬಳಕೆಯನ್ನು ತಡೆಯುವ ಒಪ್ಪಂದವನ್ನು ಮಾಡಿತು. ಭಾರತದಲ್ಲಿ 2016ರ ನಿಯಮಗಳು, 2017ರ ನವೆಂಬರಿನಿಂದ ಜಾರಿಗೆ ಬಂದು, ಸೀಸವನ್ನು ಹತ್ತು ಲಕ್ಷದಲ್ಲಿ 90 ಪಾಲಿಗೆ ಮಿತಿಗೊಳಿಸಿದುದು ಮನೆಗೆ ಬಳಿಯುವ ಮತ್ತು ಅಲಂಕಾರದ ಬಣ್ಣಗಳಿಗೆ. ಮೋಟಾರಿನ ಬಣ್ಣವು ಆ ಹೆಸರಿನೊಳಗೆ ಬರುವುದಿಲ್ಲ. ಗಟ್ಟಿಕಾರಕ ಬೆರೆಸಿ ಹೊಡೆಯುವ ಈಗಿನ ಬಣ್ಣಗಳಲ್ಲಿರುವ ಐಸೊಸಯನೇಟು ಎಂಬ ದ್ರವ್ಯವು ಉಬ್ಬಸವನ್ನು ತರುವಂತಹುದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ.

ತಾನೇ ಹತ್ತು ದಿನ ಉಜ್ಜಿದ ಗೃಹಸ್ಥನು ಸಂಜೆ ಮೂಗನ್ನು ಸೀನಿದಾಗ ಬೂದು ಬಣ್ಣದ ಕೆಸರು ಬಂದುದನ್ನು ಕಂಡಿರುತ್ತಾನೆ. ಗ್ಯಾರೇಜಿನ ಹುಡುಗನು ಇದನ್ನು ವರ್ಷವಿಡೀ ಉಸಿರಾಡುತ್ತಾನೆಂಬುದು ಆಗ ಅವನಿಗೆ ಸುದ್ದಿಯಾಗಿ ಉಳಿಯದು. ಬಣ್ಣ ಹೊಡೆಯಲು ಗಾಡಿಯನ್ನು ಒಯ್ದಾಗ ಅವನು ಪೇಂಟರನಿಗೆ ಒಳ್ಳೆಯ ಮುಖವಾಡವೊಂದನ್ನು ಕೊಂಡುಕೊಟ್ಟರೆ ಅದು ಉಪಕಾರವೇನೂ ಆಗದು. ತಾನು ಉಳಿಸಿದ ಕೂಲಿಯ ಒಂದು ಸಣ್ಣ ಪಾಲು.

ಆ ಕೂಲಿಯ ಮಾತನ್ನೂ ಹಾರಿಸುವಂತಿಲ್ಲ. ಉಳ್ಳವನು ಉಜ್ಜುವ ಕೆಲಸವನ್ನು ತಾನೇ ಮಾಡಿಕೊಂಡರೆ ಇಲ್ಲದವನ ಕೂಲಿ ಹೋಯಿತಲ್ಲ ಎಂಬ ಆಕ್ಷೇಪವು ಗಟ್ಟಿಯಾದುದು. ಕಾಯಕದ ಹಿರಿಮೆಯನ್ನು ಹೇಳಿ ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕಾಯಕವು ಜೀವನೋಪಾಯವಾಗಿರುವವನ ಎದುರು, ಬಿಡುವಿನಲ್ಲಿ ಕೈ ಕೊಳೆ ಮಾಡಿಕೊಂಡವನು ಆ ಮಾತನ್ನು ಎತ್ತದಿರುವುದು ಲೇಸು. ಪೂರ್ತಿ ಕೂಲಿಯನ್ನು ಕೊಡಬಲ್ಲವನು ಕೊಟ್ಟು ಮಾಡಿಸುವುದೇ ಸರಿ, ಜೊತೆಗೆ ನಿಂತು ನೋಡುವುದು ಇನ್ನೂ ಸರಿ. ಕೊಡಲಾರದವನ ಎದುರಿಗಿರುವ ಆಯ್ಕೆ ಬೇರೆ: ಸಿದ್ಧತೆಯಿಲ್ಲದ ಕೋಟು, ಇಲ್ಲವೆ ತನ್ನ ಕೈಯ ಸಿದ್ಧತೆ. ಅಲ್ಲಿ ಹುಡುಗನ ಕೂಲಿಯು ಎರಡರಲ್ಲಿಯೂ ಇರಲಿಲ್ಲ.

ತೂತಿನ ಬಳಿ ನಿಂತಿರುವ ಗೃಹಸ್ಥನೆಡೆಗೆ ಮರಳಬೇಕು. ಬೆಸುಗೆ ಹಾಕಿಸುವುದು ಉತ್ತಮವೆಂಬುದರಲ್ಲಿ ಅವನಿಗೆ ಸಂದೇಹವಿಲ್ಲ, ಹಣವಿಲ್ಲ, ಅಷ್ಟೆ. ಹಾಗಿದ್ದರೆ ಆ ಜಾಗವನ್ನು ತುಕ್ಕಿಳಿಸಿ, ಪ್ರೈಮರ್ ಬಳಿದು, ಪುಟ್ಟಿ ಮೆತ್ತದೆ ತೆರೆದೇ ಬಿಡಬಹುದು. ನೋಡಲು ವಿಕಾರ, ಆದರೆ ಗಾಡಿಯ ಕೆಳಗೆ ಬಗ್ಗಿದವನಿಗೆ ಕಾಣುತ್ತದೆ. ಬತ್ತಲೆ ಲೋಹದ, ತೂತಿನ, ಒಂದೊಂದು ಪದರದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಕೊಳ್ಳಲು ಬಂದವನಿಗೆ ತೋರಿಸಬಹುದು. ಸಿದ್ದಾಪುರದಲ್ಲಿಯೋ ಯಲ್ಲಾಪುರದಲ್ಲಿಯೋ ಗಾಡಿ ಮಾರುವಾಗ ಕೊಳ್ಳುವವನು ಪೂರ್ತಿ ಅಪರಿಚಿತನಾಗಿರುವುದು ಅಪರೂಪ. ಎರಡು ಮಾತಿನೊಳಗೆ ಯಾರದೋ ಭಾವನ ನೆಂಟನಾಗಿ ಹೊರಡುತ್ತಾನೆ. ಕಾಯಿದೆಯ ಉದಾಹರಣೆಯಲ್ಲಿಯ ಮಗಳ ಸ್ಥಾನಕ್ಕೆ ಇಲ್ಲಿ ಅರ್ಧ ತಾಲ್ಲೂಕೇ ಬಂದು ನಿಲ್ಲುತ್ತದೆ. ಆ ನೆಂಟನ ಹುಡುಗನು ಈ ಗಾಡಿಯಲ್ಲಿ ಮಳೆಗಾಲದ ರಾತ್ರಿ ಘಟ್ಟ ಇಳಿಯುವವನು.

ಆದರೆ ಚಿತ್ರಗಳನ್ನು ನೋಡಿದ ಕೊಳ್ಳುವವನು ಬೆಲೆಯನ್ನು ಇಳಿಸುತ್ತಾನೆ. ಪಕ್ಕದ ಊರಿನಲ್ಲಿ ಇದೇ ವಯಸ್ಸಿನ, ಇದೇ ಮಾದರಿಯ, ಮೇಲಿಂದ ಒಂದು ಕೋಟು ಹೊಡೆಸಿದ ಗಾಡಿಯೊಂದು ಚಿತ್ರಗಳಿಲ್ಲದೆ ನಿಂತಿರುತ್ತದೆ. ಅವನು ಅದನ್ನೇ ಹೆಚ್ಚು ಬೆಲೆಗೆ ಕೊಂಡರೂ ಕೊಂಡಾನು. ತನ್ನ ಕೈಯಿಂದ ದುಡಿದು ಗೃಹಸ್ಥನು ಉಳಿಸಿದ್ದ ಮೊಬಲಗು ತನ್ನ ಬಾಯಿಂದ ಹೇಳಿದುದಕ್ಕಾಗಿ ಹೀಗೆ ಕೈಬಿಟ್ಟು ಹೋಗುತ್ತದೆ. ಮಹಾಭಾರತದ ತುಲಾಧಾರನು ಎಲ್ಲರಿಗೂ ಒಂದೇ ತಕ್ಕಡಿ ಹಿಡಿದು ಜಾಜಲಿಯೆಂಬ ತಪಸ್ವಿಗೇ ಗುರುವಾದನು. ಅವನ ಅಂಗಡಿಗೆ ಗಿರಾಕಿಗಳಿದ್ದರು. ಇವನ ಅಂಗಳದಲ್ಲಿ ಗಾಡಿ ಇನ್ನೊಂದು ಮಳೆಗಾಲ ನಿಲ್ಲಬೇಕಾಗಬಹುದು, ಉಜ್ಜಿ ಸಿದ್ಧಮಾಡಿದ ಅದೇ ಅಂಚುಗಳ ಮೇಲೆ ಮಳೆ ಬೀಳುತ್ತ.